ವಾಸನೆ ಇಲ್ಲ ಎಂದು ಹೇಳುವ ಕೆಲಸ

ಮೂವತ್ತೆರಡನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗಲಿ. ನಿವೃತ್ತಿ ಎನ್ನುವುದು ವಯಸ್ಸಿನ ಮಾತೋ, ಕೆಲಸ ಮಾಡಲಾಗದ ಸ್ಥಿತಿಯ ಮಾತೋ ಎಂದು ತಿರುಗಿ ಕೇಳಿದರೆ ನಗುವವರು ಸುಮ್ಮನಾಗುತ್ತಾರೆ. ನನ್ನ ಕೈ ಗಟ್ಟಿಯಾಗಿದೆ, ಕಣ್ಣು ಚೆನ್ನಾಗಿದೆ, ಬೆನ್ನು ಬಗ್ಗುತ್ತದೆ. ಮೂಗು ಮಾತ್ರ ಹೋಗಿದೆ. ಮುಖದ ಮೇಲೆ ಅದು ಇದ್ದಲ್ಲೇ ಇದೆ, ವಾಸನೆ ಹಿಡಿಯುವುದಿಲ್ಲ ಅಷ್ಟೆ. ಗ್ಯಾಸ್ ಗೀಸರ್ ಸರ್ವಿಸ್ ಮಾಡುವವಳಿಗೆ ವಾಸನೆಯೇ ಬರದಿದ್ದರೆ ಅವಳ ಕೆಲಸ ಉಳಿಯುತ್ತದೆಯೇ? ಉಳಿಯುತ್ತದೆ ಎಂದು ನಾನು ತಿಂಗಳುಗಟ್ಟಲೆ ವಾದಿಸಿದೆ. ನನ್ನ ಎದುರು ವಾದಿಸಲು ಯಾರೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಈಗ ಬಂಗಾರಪೇಟೆಯಲ್ಲಿ ನಲ್ಲಿ, ಪೈಪು, ವಾಷರ್ ಮಾರುವ ಅಂಗಡಿಯಲ್ಲಿ ಕೂರುತ್ತೇನೆ. ಗೀಸರ್ ಕೆಲಸಕ್ಕೆ ಹೊಸದಾಗಿ ಇಳಿದವರು ಬರುತ್ತಾರೆ. "ಅಕ್ಕ, ಒಂದು ವಾಷರ್ ಕೊಡಿ, ಗೀಸರ್‌ದು" ಎನ್ನುತ್ತಾರೆ. ಅವರ ಅಂಗಿಯಲ್ಲಿ ಬಿಸಿಯಾದ ತಾಮ್ರದ, ಮಸಿಯ, ಒದ್ದೆ ಸಿಮೆಂಟಿನ ವಾಸನೆ ಇರಬೇಕು. ಇದೆ ಎಂದು ಗೊತ್ತು. ನನಗೆ ಬರುವುದಿಲ್ಲ. ಅವರು ಕೇಳುವ ಪ್ರಶ್ನೆಗಳಿಗೆ ಚಿಲ್ಲರೆ ಕೊಡುತ್ತಾ ಅರ್ಧರ್ಧ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಬಾಯಿಯ ಬಲದಿಂದ. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ, ಅಪ್ಪ ಅಮ್ಮ ಕೂಲಿಯವರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನನ್ನ ಹುಚ್ಚಾಗಿತ್ತು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ಎರಡಕ್ಕೂ ತಯಾರಿರಬೇಕಿತ್ತು. ಬಹುಮಾನದ ಕಪ್ಪುಗಳು ಬಂದವು, ಪದವಿ ಬಂತು, ಕೆಲಸ ಬರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಗೀಸರ್ ರಿಪೇರಿ ಅಂಗಡಿ ಇಟ್ಟಿದ್ದ ಮುನಿಸ್ವಾಮಣ್ಣನಿಗೆ, ಫೋನಿನಲ್ಲಿ ಬೈಯುವ ಗಿರಾಕಿಗಳಿಗೆ ಉತ್ತರ ಕೊಡುವವರು ಬೇಕಾಗಿದ್ದರು. ಮುನಿಸ್ವಾಮಣ್ಣ ಚಿನ್ನದ ಗಣಿ ಮುಚ್ಚುವವರೆಗೆ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈಯಿಸಿಕೊಳ್ಳಬಲ್ಲರು, ಒಂದರಲ್ಲೂ ಸಮಾಧಾನ ಹೇಳಲಾರರು.

ಹೊರಗೆ ಕೆಲಸಕ್ಕೆ ನನ್ನನ್ನು ಕರೆದುಕೊಂಡು ಹೋದದ್ದಕ್ಕೂ ಕಾರಣ ಇತ್ತು. ಬಚ್ಚಲುಮನೆಯೊಳಗೆ ಗಂಡಸನ್ನು ಬಿಡಲು ಮನೆಯ ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು. ಗಂಡ ಡ್ಯೂಟಿ ಮುಗಿಸಿ ಬರಲಿ ಎಂದು ಸಾಯಂಕಾಲಕ್ಕೆ ಬರಹೇಳುತ್ತಿದ್ದರು. ನಾನಿದ್ದರೆ ಬೆಳಗ್ಗೆಯೇ ಬಾಗಿಲು ತೆರೆಯುತ್ತಿತ್ತು. ಮೊದಮೊದಲು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಆಮೇಲೆ ಮುನಿಸ್ವಾಮಣ್ಣ ಹೊರಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುವುದೂ ನಾನು ಒಳಗೆ ಕೆಲಸ ಮಾಡುವುದೂ ರೂಢಿಯಾಯಿತು.

ಕೆಲಸ ಇಷ್ಟು. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚು, ನೀರಿನ ವಾಲ್ವ್ ಮುಚ್ಚು, ಸೆಲ್ಲು ತೆಗೆ, ಮುಂದಿನ ತಗಡು ಬಿಚ್ಚು. ಬರ್ನರ್ ಹೊರತೆಗೆದು ಮೆತ್ತನೆಯ ಬ್ರಷ್ಷಿನಿಂದ ಉಜ್ಜು. ಜೆಟ್ಟಿನ ತೂತಿಗೆ ಹೊಲಿಗೆ ಸೂಜಿ ಹಾಕಬೇಡ. ತೂತು ಒಂದು ಕೂದಲಷ್ಟು ದೊಡ್ಡದಾದರೂ ಗ್ಯಾಸು ಹೆಚ್ಚು ಬಂದು ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ. ಮೇಲೆ ನೀರು ಕಾಯುವ ತಾಮ್ರದ ಸುರುಳಿ, ಅದರ ತೆಳು ರೆಕ್ಕೆಗಳ ನಡುವೆ ಕೂತ ಮಸಿ ತೆಗೆ. ನಮ್ಮ ಬೋರ್‌ವೆಲ್ ನೀರಿಗೆ ಸುರುಳಿಯೊಳಗೆ ಉಪ್ಪು ಕಟ್ಟುತ್ತದೆ, ಅದನ್ನು ಕರಗಿಸು. ರಬ್ಬರ್ ಪೈಪನ್ನು ಬಗ್ಗಿಸಿ ನೋಡು, ಸಣ್ಣ ಬಿರುಕು ಕಂಡರೂ ಬದಲಾಯಿಸು. ಟೇಪು ಸುತ್ತುವುದು ರಿಪೇರಿ ಅಲ್ಲ. ಎಲ್ಲ ಜೋಡಿಸಿ, ಗ್ಯಾಸು ತೆರೆದು, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೋ ನೋಡು. ಕೊನೆಗೆ ಗೀಸರ್ ಹಚ್ಚು. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಮತ್ತೆ ಬಿಚ್ಚು.

ಸೋಪಿನ ನೀರಿಗೂ ಗೀಸರ್ ಹಚ್ಚುವುದಕ್ಕೂ ನಡುವೆ ಒಂದು ಸಂಗತಿ ಇತ್ತು. ನೆಲ ಮೂಸುವುದು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ನೆಲದ ಮೇಲೆ ಹರಡುತ್ತದೆ. ನಿಂತುಕೊಂಡು ಮೂಸಿದರೆ ಗೊತ್ತಾಗುವುದಿಲ್ಲ. ಮಂಡಿಯೂರಿ, ಬಚ್ಚಲಿನ ನೆಲಕ್ಕೆ ಮುಖ ತಂದು, ಮೆಲ್ಲಗೆ ಉಸಿರು ಎಳೆದು, ಎದ್ದು, ಬಾಗಿಲಲ್ಲಿ ನಿಂತ ಮನೆಯಾಕೆಗೆ ಹೇಳಬೇಕು: "ವಾಸನೆ ಇಲ್ಲಮ್ಮ, ಹಚ್ಚಿ." ಆ ಮಾತಿಗೆ ಅವರ ಭುಜ ಸಡಿಲವಾಗುವುದನ್ನು ನೋಡಬೇಕಿತ್ತು. ನೀಲಿ ಉರಿ, ಹೊಸ ಪೈಪು, ಸೋಪಿನ ನೊರೆ ಯಾವುದಕ್ಕೂ ಅವರು ಹಾಗೆ ಸಡಿಲವಾಗುತ್ತಿರಲಿಲ್ಲ.

ನನಗೆ ಇದು ಸರಿ ಅನ್ನಿಸುತ್ತಿರಲಿಲ್ಲ. ಮೂಗು ಸಾಕ್ಷಿಯಲ್ಲ ಎಂಬುದು ನನ್ನ ವಾದ. ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ನೆಗಡಿ ಬಂದವನ ಮೂಗಿಗೂ ನೆಗಡಿ ಇಲ್ಲದವನ ಮೂಗಿಗೂ ಒಂದೇ ಮನೆಯಲ್ಲಿ ಎರಡು ಸತ್ಯ. "ಮೂಗೇ ಮೀಟರು ಕಣಮ್ಮ" ಎನ್ನುವುದು ಮುನಿಸ್ವಾಮಣ್ಣನ ಸಿದ್ಧಾಂತ. ಮೀಟರಿಗೆ ಅನುಮಾನ ಬಂದರೆ ಅವರು ಮಾಡುತ್ತಿದ್ದದ್ದು ಇನ್ನೂ ಭಯಂಕರ. ಬೆಂಕಿಕಡ್ಡಿ ಗೀರಿ ಜಾಯಿಂಟಿನ ಹತ್ತಿರ ಹಿಡಿಯುತ್ತಿದ್ದರು.

"ಅಣ್ಣ, ಲೀಕ್ ಇದ್ದರೆ ಹತ್ತಿಕೊಳ್ಳುತ್ತೆ. ಇಲ್ಲದಿದ್ದರೆ ಕಡ್ಡಿ ದಂಡ. ಯಾವ ಕಡೆಯಿಂದ ನೋಡಿದರೂ ನಮಗೇನು ಲಾಭ?"

"ಹತ್ಕಂಡ್ರೆ ಎಲ್ಲಿ ಲೀಕು ಅಂತ ಗೊತ್ತಾಯ್ತದಲ್ಲ."

"ಜೊತೆಗೆ ನಾವು ಎಲ್ಲಿದ್ದೀವಿ ಅಂತ ಊರಿಗೂ ಗೊತ್ತಾಗುತ್ತೆ."

"ಗಣಿಲಿದ್ದಾಗಿಂದ ಮಾಡ್ತಾ ಇದೀನಿ. ನಂಗೇನಾದ್ರೂ ಆಗೈತಾ?"

"ಆದವರು ಇಲ್ಲಿ ನಿಂತು ಹೇಳೋಕೆ ಇರಲ್ಲ ಅಣ್ಣ. ಉಳಿದವರನ್ನ ಮಾತ್ರ ಕೇಳಿದರೆ ಲೋಕದಲ್ಲಿ ಯಾವುದೂ ಅಪಾಯ ಅಲ್ಲ."

"ನಿಮ್ಮಪ್ಪ ನಿನ್ನ ಲಾಯರ್ ಓದಿಸ್ಬೇಕಾಗಿತ್ತು. ತಂದು ನನ್ ತಲೆಗೆ ಕಟ್ಟವ್ನೆ."

ಅಂದಿನಿಂದ ನನ್ನ ಹೆಸರು ಯಶೋದ ಹೋಗಿ ಲಾಯರಮ್ಮ ಆಯಿತು. ವಾದದಲ್ಲಿ ಅವರು ಸೋಲಲಿಲ್ಲ. ಒಂದು ಬೆಳಗ್ಗೆ ಎಡಗಡೆಯ ಹುಬ್ಬೂ ಮುಂದಲೆಯ ಒಂದಿಷ್ಟು ಕೂದಲೂ ಇಲ್ಲದೆ ಅಂಗಡಿಗೆ ಬಂದರು.

"ಏನಾಯ್ತಣ್ಣ?"

"ಕ್ಷೌರದವ್ನು ಕೈತಪ್ಪಿ ತೆಗ್ದ."

"ಕ್ಷೌರದವರು ಹುಬ್ಬೂ ತೆಗೀತಾರಾ?"

"ಬಾಯ್ಮುಚ್ಕಂಡು ಸೋಪಿನ್ ನೀರು ಕಲ್ಸು."

ನಮ್ಮ ಅಂಗಡಿಯಲ್ಲಿ ಕೆಲಸದ ವಿಧಾನ ಬದಲಾದದ್ದು ಹೀಗೆ. ಹುಬ್ಬು ಬೆಳೆಯಿತು, ಬೆಂಕಿಕಡ್ಡಿ ಮತ್ತೆ ಬರಲಿಲ್ಲ.

ಹೊರಗಿನಿಂದ ಬಂದ ಮೆಕ್ಯಾನಿಕ್‌ಗಳಿಗೆ ನಮ್ಮ ಕಡೆಯ ಗೀಸರ್‌ಗಳ ಕಾಯಿಲೆ ಬೇಗ ಅರ್ಥವಾಗುವುದಿಲ್ಲ. ಗಾಳಿಕಾಲ ಬಂದರೆ ಸೈನೈಡ್ ಗುಡ್ಡಗಳಿಂದ ಬಿಳಿ ಧೂಳು ಎದ್ದು, ಗಣಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳ ಮೇಲೆಲ್ಲ ಕೂರುತ್ತದೆ. ಚಿನ್ನ ತೆಗೆದು ಉಳಿದ ಹಿಟ್ಟಿನಂಥ ಮಣ್ಣಿನ ರಾಶಿ ಅದು. ಬರ್ನರಿನ ಸಂದುಗಳಿಗೆ ಆ ಧೂಳು ಮೆತ್ತಿಕೊಂಡರೆ ಗಾಳಿ ಬೆರೆಯದೆ ಉರಿ ಹಳದಿಯಾಗುತ್ತದೆ. ಜನ ಏನು ಮಾಡುತ್ತಾರೆ? ಧೂಳು ಬಾರದ ಹಾಗೆ ಗವಾಕ್ಷಿ ಮುಚ್ಚುತ್ತಾರೆ. ರಟ್ಟು, ಸಿಮೆಂಟ್ ಚೀಲ, ಹಳೆ ಸೀರೆ, ಕೈಗೆ ಸಿಕ್ಕದ್ದು. ಧೂಳು ನಿಲ್ಲುತ್ತದೆ, ಜೊತೆಗೆ ಗಾಳಿಯೂ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಶತ್ರುವಿಗೆ ಬಾಗಿಲು ಹಾಕಿ ಕಾಣದ ಶತ್ರುವನ್ನು ಒಳಗೆ ಕೂಡಿಹಾಕಿಕೊಂಡ ಹಾಗೆ.

ಬಂಗಾರಪೇಟೆಯ ಒಬ್ಬ ಮೇಷ್ಟ್ರ ಮನೆಯಲ್ಲಿ ಇನ್ನೊಂದು ಬಗೆ. ಗೀಸರ್‌ಗೆ ಬಟ್ಟೆಯ ಗೌಸು ಹೊಲಿಸಿದ್ದರು. ಟೀವಿಗೆ ಹೊದಿಸುತ್ತಾರಲ್ಲ, ಅಂಥದೇ ಹೂವಿನ ಅಂಚಿನದು. ಹೊಗೆ ಹೊರಗೆ ಹೋಗಬೇಕಾದ ಮೇಲಿನ ಸಂದು ಆ ಗೌಸಿನೊಳಗೆ. ಸುಟ್ಟು ಕಪ್ಪಾದ ಕಡೆ ಮನೆಯಾಕೆ ಒಂದು ತೇಪೆಯನ್ನೂ ಹಾಕಿದ್ದರು.

"ಮೇಷ್ಟ್ರೇ, ಇದನ್ನ ತೆಗೀಬೇಕು."

"ಯಾಕಮ್ಮ? ಹೊಸ ಗೀಸರು. ಧೂಳು ಕೂತ್ರೆ ಹಾಳಾಗಲ್ವಾ?"

"ನಿಮ್ಮ ಮೂಗಿಗೂ ಧೂಳು ಹೋಗುತ್ತಲ್ಲ. ಅದಕ್ಕೊಂದು ಗೌಸು ಹಾಕಿದೀರಾ?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. "ನಾನು ಆವತ್ತೇ ಹೇಳಿದೆ" ಎಂದರು. ಆಕೆ ನನ್ನ ಕಡೆ ನೋಡಿ, "ಬಟ್ಟೆ ತಂದ್ಕೊಟ್ಟೋರು ಇವ್ರೇನೇ" ಎಂದರು. ಗೌಸು ಮಿಕ್ಸಿಗೆ ಹೋಯಿತು.

ಇವೆಲ್ಲ ನಗುವ ಕತೆಗಳು. ನಗು ಬಾರದ್ದೂ ಒಂದಿದೆ, ನನ್ನ ಮುಂದಿನ ವಾದವೆಲ್ಲ ನಿಂತದ್ದು ಅದರ ಮೇಲೆ.

ನಂದಿದುರ್ಗ ಎಂಬ ಹಳೇ ಗಣಿಯ ಪಕ್ಕದ ಒಂದು ಲೈನು ಮನೆ. ಸುಮಿತ್ರ ಎಂಬ ಹುಡುಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನೀರು ಸರಿಯಾಗಿ ಕಾಯುತ್ತಿಲ್ಲ ಎಂದು ಕರೆ ಬಂದಿತ್ತು. ಬಚ್ಚಲು ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವಷ್ಟು ಜಾಗ. ಬಾಣಂತಿಗೆ ಗಾಳಿ ತಗುಲಬಾರದೆಂದು ಗವಾಕ್ಷಿಗೆ ಸೀರೆ ತುರುಕಿ, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಒತ್ತಿದ್ದರು. ಆ ಪೆಟ್ಟಿಗೆಯೊಳಗೆ ಗೀಸರ್ ಉರಿಸಿಕೊಂಡು ಅಜ್ಜಿ ಮೊಮ್ಮಗಳಿಗೆ ಬಿಂದಿಗೆಗಟ್ಟಲೆ ಬಿಸಿನೀರು ಹುಯ್ಯುತ್ತಿದ್ದಳು, ಆಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಅಜ್ಜಿಯನ್ನು ಆ ಲೈನಿನವರೆಲ್ಲ ಅವ್ವ ಎನ್ನುತ್ತಿದ್ದರು.

ತಗಡು ಬಿಚ್ಚಿದೆ. ಒಳಗೆಲ್ಲ ಮಸಿ. "ಅವ್ವ, ಈ ಸೀರೆ ತೆಗೀಬೇಕು" ಎಂದೆ.

"ಗಾಳಿ ತಗುಲಿದ್ರೆ ಸನ್ನಿ ಆಯ್ತದೆ. ನೀನೆಷ್ಟು ಮಕ್ಳ ಎತ್ತಿದೀಯ?"

"ಒಂದೂ ಇಲ್ಲ ಅವ್ವ."

"ಅಂಗಾದ್ರೆ ಗೀಸರ್ ನೋಡ್ಕ."

ನಾನು ಬಿಡುವ ಪೈಕಿಯಲ್ಲ. "ಸ್ನಾನ ಆದ ಮೇಲೆ ಸುಮಿತ್ರನಿಗೆ ತಲೆ ಸುತ್ತುತ್ತಾ?"

"ಬಾಣಂತಿ ಅಂದ್ಮೇಲೆ ಸುತ್ತದೆ ಇರ್ತದಾ? ಸುಸ್ತು."

"ನಿಮಗೆ?"

ಅವ್ವ ಸ್ವಲ್ಪ ಯೋಚಿಸಿದಳು. "ನಂಗೂ ಒಸಿ ತಲೆನೋವು ಬತ್ತದೆ. ವಾಂತಿ ಬಂದಂಗೆ ಆಯ್ತದೆ."

"ನೀವೂ ಬಾಣಂತೀನಾ ಅವ್ವ?"

ಒಳಗೆ ಮಂಚದ ಮೇಲಿದ್ದ ಸುಮಿತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ನಗಲಿಲ್ಲ. ಸಿಲಿಂಡರ್ ಮುಗಿದು ಸೌದೆ ಒಲೆಯಲ್ಲಿ ಕಾಯಿಸಿ ತಂದ ದಿನ ತಲೆನೋವು ಬಂದಿತ್ತೇ ಎಂದು ಕೇಳಿದೆ. ಬಂದಿರಲಿಲ್ಲ. ಇಷ್ಟಾದ ಮೇಲೆ ಯಾವ ತೀರ್ಪುಗಾರರಾದರೂ ಕಪ್ಪು ನನಗೇ ಕೊಡುತ್ತಿದ್ದರು. ಅವ್ವ ಕೊಡಲಿಲ್ಲ.

"ಸರಿ, ಗೀಸರಿಂದ್ಲೇ ಅಂತ ಇಟ್ಕ. ಆದ್ರೂ ಸೀರೆ ತೆಗಿಯಲ್ಲ. ತಲೆನೋವು ಸಂಜೆಗೆ ಓಯ್ತದೆ. ಸನ್ನಿ ಓಗಲ್ಲ."

ನೀವು ಈ ಕೆಲಸಕ್ಕೆ ಬಂದವರು ಇದನ್ನು ನೆನಪಿಡಿ. ಅವ್ವನಿಗೆ ಬುದ್ಧಿ ಕಡಿಮೆ ಇರಲಿಲ್ಲ. ಅವಳು ಎರಡು ಭಯಗಳನ್ನು ತೂಗಿ ನೋಡಿದ್ದಳು, ನನಗೆ ಗೊತ್ತಿದ್ದ ಭಯ ಅವಳಿಗೆ ಗೊತ್ತಿರಲಿಲ್ಲ. ಈ ತಲೆನೋವು ಒಂದು ದಿನ ಸಂಜೆಗೆ ಹೋಗದೆ, ಮೂವರೂ ಬಾಗಿಲ ಹಿಂದೆಯೇ ಉಳಿಯಬಹುದು ಎಂದು ನಾನು ಕೂಸಿನ ಮುಂದೆ ಹೇಳಬೇಕಾಯಿತು. ಗ್ಯಾಸು ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದೆ. ಅವ್ವ ಗೀಸರನ್ನೂ ಕೂಸನ್ನೂ ಒಂದು ಸುತ್ತು ನೋಡಿದಳು. ಆದರೂ ಕೈ ಸೀರೆಯ ಕಡೆ ಹೋಗಲಿಲ್ಲ.

ಆಗ ಸುಮಿತ್ರ ಮಂಚದಿಂದಲೇ, "ಅವ್ವ, ಬಾಗಲು ತೆಗ್ದಿಟ್ಟು ಡ್ರಮ್ಮಿಗೆ ನೀರು ತುಂಬ್ಸಿ, ಗೀಸರ್ ಆರಿಸ್ಬುಟ್ಟು, ಒಸಿ ಒತ್ತು ಗಾಳಿ ಆಡಿದ್ಮೇಲೆ ಸೀರೆ ತುರುಕಿದ್ರೆ?" ಎಂದಳು.

"ಅದೇ ನಾ ಯೋಳ್ತಿದ್ದಿದ್ದು" ಎಂದಳು ಅವ್ವ.

ನಾನು ಸುಮ್ಮನಾದೆ. ಅದು ನಾನು ಕಲಿತ ಅತ್ಯುತ್ತಮ ವಾದ. ಬಾಣಂತನ ಮುಗಿಯುವ ಮೊದಲೇ ಮುನಿಸ್ವಾಮಣ್ಣ ಬಂದು ಗೀಸರನ್ನು ಹೊರಗೋಡೆಗೆ, ತಗಡಿನ ಸೂರಿನ ಕೆಳಗೆ ಜಡಿದು, ಪೈಪು ಮಾತ್ರ ಒಳಗೆ ಬಿಟ್ಟರು. ಗೀಸರ್ ಬಚ್ಚಲಿನೊಳಗೆ ಇರಲೇಬೇಕು ಎಂದು ಯಾರೂ ಬರೆದಿಟ್ಟಿಲ್ಲ.

ಆ ಮನೆಯಲ್ಲಿ ನಾನು ನೆಲ ಮೂಸಿದ್ದೆ. ಮೂಗು ಏನೂ ಹೇಳಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯದ ಎದುರು ಮೂಗು ಕಿವುಡು ಎಂದು ಅಂದಿನಿಂದ ಪ್ರತಿ ಮನೆಯಲ್ಲೂ ಭಾಷಣ ಮಾಡಿದೆ. ಹಾಗೆ ಭಾಷಣ ಮಾಡುತ್ತಲೇ ಮೂಸುತ್ತಿದ್ದೆ, ಅದು ಬೇರೆ ಮಾತು. ಯಾಕೆಂದರೆ ಇಷ್ಟವಾಗುತ್ತಿತ್ತು. ನಂದಿದುರ್ಗದ ಲೈನುಗಳಲ್ಲಿ ಸೀಗೆಕಾಯಿ, ಹಸಿಗೋಡೆ, ಪಕ್ಕದ ಮನೆಯ ಕರುವಾಡಿನ, ಅಂದರೆ ಒಣಮೀನಿನ, ಒಗ್ಗರಣೆ. ಊರಿಗಾಂನ ಹಳೇ ಗಣಿ ಕ್ವಾರ್ಟರ್ಸ್‌ಗಳಲ್ಲಿ ಫಿನಾಯಿಲು, ಗೆದ್ದಲು ಹಿಡಿದ ಮರದ ಚೌಕಟ್ಟು. ಬಂಗಾರಪೇಟೆಯಲ್ಲಿ ಕೊಬ್ಬರಿ ಎಣ್ಣೆ, ಮಾವಿನ ಕಾಲದಲ್ಲಿ ಹಣ್ಣಿನ ಮಂಡಿಯಿಂದ ತೇಲಿ ಬರುವ ಮಾವು. ಕಣ್ಣು ಕಟ್ಟಿ ಬಿಟ್ಟರೂ ಯಾವ ಊರಿನ ಬಚ್ಚಲು ಎಂದು ಹೇಳುತ್ತಿದ್ದೆ. ಇವುಗಳ ಕೆಳಗೆ ಎಲ್ಲೋ ಕೊಳೆತ ಕೋಸಿನಂಥ ಗ್ಯಾಸಿನ ವಾಸನೆ ಒಂದು ಎಳೆ ಇದ್ದರೂ ಕುತ್ತಿಗೆಯ ಹಿಂದೆ ಕೂದಲು ನಿಲ್ಲುತ್ತಿತ್ತು.

ಆಮೇಲೆ ಎಲ್ಲರಿಗೂ ಬಂದ ಆ ಜ್ವರ ನನಗೂ ಬಂತು. ಊರಿನಲ್ಲಿ ಬಹಳ ಜನರ ಮೂಗು ಹೋಗಿ ವಾಪಸು ಬಂತು. ನನ್ನದು ಹೋದದ್ದೂ ನನಗೆ ತಿಳಿಯಲಿಲ್ಲ. ಅಂಗಡಿಯಲ್ಲಿ ಕೂತು ಒಂದು ಹಳೇ ಗೀಸರ್ ಬಿಚ್ಚುತ್ತಿದ್ದೆ. ಮುನಿಸ್ವಾಮಣ್ಣ ಹೊರಗಿನಿಂದ ಬಂದವರೇ ಬಾಗಿಲಲ್ಲಿ ನಿಂತರು.

"ಯಶೋದಾ, ಎದ್ದು ಈಚೆಗೆ ಬಾ. ಸ್ವಿಚ್ ಮುಟ್ಬೇಡ."

ಅವರು ನನ್ನನ್ನು ಹೆಸರು ಹಿಡಿದು ಕರೆದು ವರ್ಷಗಳಾಗಿದ್ದವು. ನನ್ನ ಮೊಳಕೈ ಪಕ್ಕದಲ್ಲಿದ್ದ ಟೆಸ್ಟಿಂಗ್ ಸಿಲಿಂಡರಿನ ಪೈಪು ಸಡಿಲವಾಗಿತ್ತು. ಅವರು ಅದನ್ನು ಮುಚ್ಚಿ, ಕಿಟಕಿ ಬಾಗಿಲು ತೆರೆದು, ಬೀದಿಗೆ ಬಂದು ನನ್ನ ಪಕ್ಕ ನಿಂತರು.

"ವಾಸ್ನೆ ಬರ್ಲಿಲ್ವಾ?"

"ಯಾವ ವಾಸನೆ?"

ಅವರು ಎದುರಿನ ಹೋಟೆಲಿಂದ ಎರಡು ಕಾಫಿ ತರಿಸಿದರು. ಕಾಫಿ ಬಿಸಿಯಾಗಿತ್ತು, ಸಿಹಿಯಾಗಿತ್ತು. ಅಷ್ಟೇ ಆಗಿತ್ತು.

ಡಾಕ್ಟರು ಬರಬಹುದು ಎಂದರು. ಯಾವಾಗ ಎಂದೆ. ಹೇಳಲಾಗದು ಎಂದರು. ಎಷ್ಟು ಕಾಲ ಬರದಿದ್ದರೆ ಬರುವುದಿಲ್ಲ ಎಂದು ತೀರ್ಮಾನಿಸಬಹುದು ಎಂದೆ. ನೀವೇನು ಲಾಯರಾ ಎಂದರು. ದಿನಾ ಬೆಳಗ್ಗೆ ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ ಮೂಗಿನ ಹತ್ತಿರ ಹಿಡಿದು ನೆನಪು ಮಾಡಿಕೊಳ್ಳಲು ಹೇಳಿದರು. ಹಿಡಿದೆ. ನೆನಪು ಬರುತ್ತಿತ್ತು.

ಇನ್ನು ಕೆಲಸ ಬಿಡಬೇಕೇನೋ ಎಂದು ಅಂಗಡಿಗೆ ಹೋದೆ. ನನ್ನ ವಾದವನ್ನು ನನಗೇ ತಿರುಗಿಸಿ ಹೊಡೆದವರು ಮುನಿಸ್ವಾಮಣ್ಣ.

"ಮೂಗು ಸಾಕ್ಷಿ ಅಲ್ಲ ಅಂತ ಊರೆಲ್ಲ ಯೋಳ್ಕಂಡು ಬಂದೋಳು ಯಾರು? ಸೋಪಿನ್ ನೀರು ಐತೆ, ನಿನ್ ಕಣ್ಣೈತೆ. ಬೇಕಂದ್ರೆ ಮಿಷನ್ ತರ್ಸ್ತೀನಿ. ಓಗು, ಚೀಲ ಎತ್ಕ."

ಬೇರೆ ಯಾರನ್ನಾದರೂ ಇಟ್ಟುಕೊಳ್ಳಬಹುದಿತ್ತು ಅವರು. ಇಟ್ಟುಕೊಳ್ಳಲಿಲ್ಲ. ನಾನು ಚೀಲ ಎತ್ತಿಕೊಂಡೆ. ಎಷ್ಟು ಸಂತೋಷವಾಯಿತೆಂದರೆ, ವಾದದಲ್ಲಿ ಒಂದು ತೂತು ಇದೆ ಎಂದು ಒಳಗೆ ಯಾರೋ ಹೇಳುತ್ತಿದ್ದದ್ದು ಕೇಳಿಸಲಿಲ್ಲ.

ಮಿಷನ್ ಬಂತು, ಗ್ಯಾಸಿಗೆ ಕೂಗುವ ಸಣ್ಣ ಡಬ್ಬಿ. ಅಗ್ಗದ್ದು. ಸಾಂಬ್ರಾಣಿಗೂ ಕೂಗಿತು, ಸೆಂಟು ಹಾಕಿಕೊಂಡ ಮದುಮಗನಿಗೂ ಕೂಗಿತು. ಕೊನೆಗೆ ಸೋಪಿನ ನೀರೇ ಗತಿಯಾಯಿತು. ಒಂದೊಂದು ಜಾಯಿಂಟಿಗೂ ಎರಡೆರಡು ಸಲ ಹಚ್ಚುತ್ತಿದ್ದೆ. ಕೆಲಸ ನಿಧಾನವಾಯಿತು, ತಪ್ಪು ಒಂದೂ ಆಗಲಿಲ್ಲ. ಕೊನೆಯ ಮಾತನ್ನು ಮಾತ್ರ ಬದಲಾಯಿಸಿಕೊಂಡೆ. "ವಾಸನೆ ಇಲ್ಲಮ್ಮ" ಎನ್ನುವ ಕಡೆ "ಲೀಕ್ ಇಲ್ಲಮ್ಮ" ಎನ್ನುತ್ತಿದ್ದೆ. ನಾನು ಪರೀಕ್ಷಿಸದ್ದನ್ನು ನಾನು ಹೇಳುವುದಿಲ್ಲ, ಅದು ಮೊದಲಿಂದ ಬಂದ ಗುಣ. ಮನೆಯಾಕೆಯರು ತಲೆಯಾಡಿಸುತ್ತಿದ್ದರು. ಭುಜ ಸಡಿಲವಾಗುತ್ತಿರಲಿಲ್ಲ. ಅವರಿಗೆ ವ್ಯತ್ಯಾಸ ಗೊತ್ತಿರಲಿಲ್ಲ, ಆದರೂ ಗೊತ್ತಿತ್ತು.

ಹೀಗೆ ನಡೆಯುತ್ತಿದ್ದಾಗ ಊರಿಗಾಂನ ಕಮಲಮ್ಮನವರ ಮನೆಗೆ ಹೋದೆ. ಕಮಲಮ್ಮ ಹಳೇ ಕ್ವಾರ್ಟರ್ಸಿನಲ್ಲಿ ಇಡ್ಲಿ ಮಾಡಿ ಮಾರುವವರು. ಬೆಳಗಿನ ವ್ಯಾಪಾರ ಮುಗಿದಿತ್ತು, ಪಾತ್ರೆಗಳು ಅಂಗಳದಲ್ಲಿ ಒಣಗುತ್ತಿದ್ದವು. ಗೀಸರ್ ಬಿಚ್ಚಿ, ತೊಳೆದು, ಪೈಪು ಬದಲಾಯಿಸಿ, ರೆಗ್ಯುಲೇಟರಿಂದ ಹಿಡಿದು ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಗವಾಕ್ಷಿ ತೆರೆದಿತ್ತು. ಎಲ್ಲ ಸರಿಯಾಗಿತ್ತು.

"ಲೀಕ್ ಇಲ್ಲಮ್ಮ, ಹಚ್ಚಿ" ಎಂದೆ.

ಕಮಲಮ್ಮ ಲೈಟರ್ ಹಿಡಿದುಕೊಂಡು ಅಡುಗೆಮನೆ ಕಡೆ ಹೊರಟವರು ನಿಂತರು. "ವಾಸ್ನೆ ಏನಾದ್ರೂ ಐತಾ ನೋಡ್ಬುಡಮ್ಮ. ಕಾಫಿಗೆ ಒಲೆ ಹಚ್ತೀನಿ. ಜ್ವರ ಬಂದಾಗಿಂದ ನಂಗೆ ಮೂಗೇ ಇಲ್ಲ. ಸಾಂಬಾರು ಅಳ್ಸಿದ್ರೂ ಗೊತ್ತಾಗಲ್ಲ, ಗಿರಾಕಿ ಯೋಳ್ಬೇಕು."

ನಾನು ನಿಂತೆ. ಸೋಪಿನ ನೀರು ಪರೀಕ್ಷೆ ಮಾಡಿದೀನಿ ಅಂದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಮಂಡಿಯೂರಿ ಮೂಸಿದ ಹಾಗೆ ಮಾಡಿ ಎದ್ದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೇಳಿದ ಪ್ರಶ್ನೆ ಅದಲ್ಲ.

"ನನಗೂ ಬರಲ್ಲಮ್ಮ" ಎಂದೆ.

"ಏನು?"

"ವಾಸನೆ. ಅದೇ ಜ್ವರ."

ಕಮಲಮ್ಮ ನನ್ನ ಮುಖ ನೋಡಿದರು. ಆಮೇಲೆ ಇಬ್ಬರಿಗೂ ನಗು ಬಂತು, ತಡೆಯಲಾಗದಷ್ಟು. ಕಣ್ಣೊರೆಸಿಕೊಂಡು ಅವರು, "ಅಯ್ಯೋ ಶಿವನೇ, ಕುಂಟಿ ಮನೆಗೆ ಕುಂಟಿ ಬಂದಂಗಾಯ್ತು" ಎಂದರು. ಲೈಟರನ್ನು ಕೆಳಗಿಟ್ಟರು. ಅದನ್ನು ಇಡುವುದನ್ನು ನೋಡಿದಾಗ ನನ್ನ ನಗು ನಿಂತಿತು. ಅವರನ್ನು ಅಂಗಳಕ್ಕೆ ಕರೆದುಕೊಂಡು ಬಂದು ಮುನಿಸ್ವಾಮಣ್ಣನಿಗೆ ಫೋನು ಮಾಡಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಸ್ಕೂಟರಿನಲ್ಲಿ ಬಂದರು.

ಬಚ್ಚಲಲ್ಲಿ ಮಂಡಿಯೂರಿ ಮೂಸಿದರು. "ಇಲ್ಲಿ ಏನಿಲ್ಲ. ನಿನ್ ಕೆಲ್ಸ ಅಚ್ಚುಕಟ್ಟು." ಎದ್ದು ಹೊರಗೆ ಬರುವಾಗ ಅಡುಗೆಮನೆಯ ಬಾಗಿಲಲ್ಲಿ ತಲೆ ತಿರುಗಿಸಿದರು. ಒಳಗೆ ಹೋಗಿ ಇಡ್ಲಿ ಒಲೆಯ ಹಿಂದೆ ಬಗ್ಗಿದರು. ಒಲೆಗೆ ಬೇರೆ ಸಿಲಿಂಡರು, ಬೇರೆ ಪೈಪು. ನನ್ನನ್ನು ಕರೆದದ್ದು ಗೀಸರಿಗೆ. ಗೋಡೆಗೆ ಉಜ್ಜಿ ಉಜ್ಜಿ ಆ ಪೈಪು ಹಿಂಬದಿಯಲ್ಲಿ ಸೀಳಿತ್ತು. ಮುನಿಸ್ವಾಮಣ್ಣ ರೆಗ್ಯುಲೇಟರ್ ಮುಚ್ಚಿ, ಹಿತ್ತಲ ಬಾಗಿಲನ್ನೂ ತೆರೆದು ಹೊರಗೆ ಬಂದರು.

"ಇದು ನಿನ್ ಲೆಕ್ಕ ಅಲ್ಲ ಕಣಮ್ಮ" ಎಂದರು, ನಾನು ಬಾಯಿ ತೆರೆಯುವ ಮೊದಲೇ. "ಒಲೆ ನೋಡು ಅಂತ ನಿಂಗ್ಯಾರೂ ಯೋಳಿರ್ಲಿಲ್ಲ."

ನಿಜ. ಯಾವ ಸಭೆಯಲ್ಲಿ ನಿಲ್ಲಿಸಿದರೂ ನಾನು ಗೆಲ್ಲುತ್ತಿದ್ದೆ. ಕಮಲಮ್ಮನ ಅಂಗಳದಲ್ಲಿ ನಿಂತು ವಾದದ ತೂತು ಎಲ್ಲಿತ್ತು ಎಂದು ಮೊದಲ ಸಲ ಕಂಡೆ. ಸೋಪಿನ ನೀರು ನಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಎಲ್ಲಿ ಹಚ್ಚಿದೆನೋ ಅಲ್ಲಿಯ ಮಾತು ಅದರದು. ಮೂಗು ನಾನು ಕೇಳದೇ ಇದ್ದದ್ದಕ್ಕೂ ಉತ್ತರ ಹೇಳುತ್ತಿತ್ತು. ಮೂಗಿಗೆ ಕಾಣದ ವಿಷ ಉಂಟು ಎಂಬುದು ಸರಿ. ಅದರಿಂದ ಮೂಗು ಬೇಡ ಎಂದಾಗುವುದಿಲ್ಲ. ಒಂದು ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ ಎಂದು ಯಾರಾದರೂ ಅದನ್ನು ಮುಚ್ಚಿಕೊಂಡು ಓಡಾಡುತ್ತಾರೆಯೇ? ಇಷ್ಟು ಸುಲಭದ ಮಾತನ್ನು ಎದುರಾಳಿ ಯಾರೂ ಎತ್ತಲಿಲ್ಲ. ಕಮಲಮ್ಮನಂಥವರ ಮನೆಗಳು ಇನ್ನೆಷ್ಟಿವೆಯೋ. ಅಲ್ಲಿಗೆ ಹೋಗುವವರಿಗೆ ಒಂದು ಮೂಗಾದರೂ ಇರಬೇಕು.

ನನ್ನ ಚೀಲದಲ್ಲಿ ಪೈಪು ಉಳಿದಿತ್ತು. ನಾನೇ ಹಾಕಿದೆ. ಕೊನೆಯ ಸಲ ಎಂದು ಕೈಗೆ ಗೊತ್ತಿತ್ತೋ ಏನೋ, ಕ್ಲಿಪ್ಪು ಬಿಗಿಯುವಾಗ ಸ್ಕ್ರೂಡ್ರೈವರ್ ಬಿಡಲು ಮನಸ್ಸಾಗಲಿಲ್ಲ. ಸೋಪಿನ ನೀರು ಹಚ್ಚಿದೆ, ಗುಳ್ಳೆ ಇಲ್ಲ. ಮುನಿಸ್ವಾಮಣ್ಣ ಒಲೆಯ ಕಟ್ಟೆ ಹಿಡಿದುಕೊಂಡು ಮಂಡಿಯೂರಿದರು. ವಯಸ್ಸಾಗಿದೆ ಅವರ ಮಂಡಿಗೆ. ನೆಲಕ್ಕೆ ಮುಖ ತಂದು ಉಸಿರೆಳೆದರು, ಒಂದು ಸಲ, ಜಾಗ ಬದಲಾಯಿಸಿ ಇನ್ನೊಂದು ಸಲ. ನಾನೂ ನಿಂತಲ್ಲೇ ಉಸಿರೆಳೆದೆ. ತಣ್ಣಗೆ ಗಾಳಿ ಬಂತು.

ಅವರು ಎದ್ದು, ಕೈ ಕೊಡವಿಕೊಂಡು ನನ್ನ ಕಡೆ ನೋಡಿದರು. ಇಷ್ಟು ವರ್ಷ ವಾಸನೆ ಇಲ್ಲ ಎಂಬ ಆ ಮಾತು ಹೇಳುತ್ತಿದ್ದವಳು ನಾನೇ. ಕಮಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಾಯುತ್ತಿದ್ದರು.

"ನೀವೇ ಹೇಳಿ ಅಣ್ಣ" ಎಂದೆ.